ಸೆಮಿನರಿಯನ್ನು ದೊಡ್ಡದು ಮಾಡುವ ಮೊದಲು: ಕರ್ನಾಟಕದ ಬಿಷಪರಿಗೂ ರೆಕ್ಟರುಗಳಿಗೂ ಒಂದು ಬಹಿರಂಗ ಪತ್ರ

ಪೂಜ್ಯ ಬಿಷಪರೇ, ಸೆಮಿನರಿಗಳ ರೆಕ್ಟರ್ ಫಾದರುಗಳೇ, ಹಣಕಾಸು ಸಮಿತಿ ಮತ್ತು ಕಟ್ಟಡ ಸಮಿತಿಗಳ ಸದಸ್ಯರೇ,

ನಮಸ್ಕಾರ.

ಗುರುಗಳಾಗುವ ಹುಡುಗರಿಗೆ ತರಬೇತಿ ಕೊಡುವ ಸೆಮಿನರಿಯ ಕಟ್ಟಡ ಹಳೆಯದಾಗಿದೆ, ರಿಪೇರಿ ಆಗಬೇಕು, ಜೊತೆಗೆ ಹೊಸ ಬ್ಲಾಕ್ ಏಳಬೇಕು, ಕೈಲಾದಷ್ಟು ನೆರವು ಕೊಡಿ. ಇಂಥ ಮನವಿ ನಮಗೆ ಹೊಸದಲ್ಲ. ಪೂಜೆಯ ಕೊನೆಯ ಪ್ರಕಟಣೆಯಲ್ಲಿ ಕೇಳುತ್ತೇವೆ. ವಾರ್ಡಿನ ಮುಖಂಡರಾದ ಗುರಿಕಾರರು ಕಾಣಿಕೆಯ ಕವರು ತಂದು ಕೊಡುತ್ತಾರೆ. ನಾವು ಕೊಡುತ್ತೇವೆ, ಮುಂದೆಯೂ ಕೊಡುತ್ತೇವೆ. ನಮ್ಮ ಮಕ್ಕಳಿಗೆ ಜ್ಞಾನಸ್ನಾನ ಕೊಡುವವರು, ನಮ್ಮ ಹಿರಿಯರನ್ನು ಮಣ್ಣು ಮಾಡುವಾಗ ಪಕ್ಕದಲ್ಲಿ ನಿಂತು ಪ್ರಾರ್ಥನೆ ಹೇಳುವವರು ಅಲ್ಲಿಂದಲೇ ಬರಬೇಕು, ಅಲ್ವಾ? ಸೆಮಿನರಿ ಚೆನ್ನಾಗಿರಬೇಕು ಅನ್ನುವ ಆಸೆ ನಿಮಗೆ ಎಷ್ಟಿದೆಯೋ ನಮಗೂ ಅಷ್ಟೇ ಇದೆ. ಈ ಪತ್ರ ಬರೆಯುವುದೂ ಆ ಆಸೆಯಿಂದಲೇ.

ನಾನು ಮಂಗಳೂರು ಕಡೆಯವನು. ಹಳೇ ಹಂಚಿನ ಮನೆ, ಶಾಲೆ, ಇಗರ್ಜಿಗಳ (ಚರ್ಚುಗಳ) ರಿಪೇರಿ ಮಾಡಿಸುವುದು ನನ್ನ ಕಸುಬು. ಹಾಗಾಗಿ ಕಟ್ಟಡದ ಬಗ್ಗೆ ಹೇಳುವಾಗ ಸ್ವಲ್ಪ ಧೈರ್ಯದಿಂದ ಹೇಳುತ್ತೇನೆ. ಉಳಿದದ್ದನ್ನು ಒಬ್ಬ ಸಾಮಾನ್ಯ ಭಕ್ತನಾಗಿ ಹೇಳುತ್ತೇನೆ. ಇದು ಯಾವುದೋ ಒಂದು ಸೆಮಿನರಿಯ ಮೇಲಿನ ದೂರು ಅಲ್ಲ. ಕ್ಯಾಂಪಸ್ ವಿಸ್ತರಣೆಯ ನಕ್ಷೆ ಇವತ್ತು ಯಾರ ಮೇಜಿನ ಮೇಲಿದೆಯೋ, ನಾಳೆ ಯಾರ ಮೇಜಿಗೆ ಬರುತ್ತದೋ, ಅವರೆಲ್ಲರಿಗೂ ಬರೆದದ್ದು.

ಹೇಳಬೇಕಾದ ಮಾತು ಒಂದೇ. ಅಲ್ಲಿ ಎಷ್ಟು ಜನ, ಯಾವ ರೀತಿ ಬದುಕಬೇಕು ಅಂತ ಮೊದಲು ತೀರ್ಮಾನ ಮಾಡಿ. ಇರುವ ಕಟ್ಟಡವನ್ನು ಸರಿಯಾಗಿ ರಿಪೇರಿ ಮಾಡಿ. ಅಷ್ಟಾದ ಮೇಲೂ ಜಾಗ ಸಾಲದಿದ್ದರೆ ಹೊಸದು ಕಟ್ಟಿ. ಈಗ ಬಹಳ ಕಡೆ ನಡೆಯುತ್ತಿರುವುದು ಇದರ ಉಲ್ಟಾ. ಮೊದಲು ಹೊಸ ಬ್ಲಾಕಿನ ಚಿತ್ರ ಬರುತ್ತದೆ, ಆಮೇಲೆ ದುಡ್ಡಿನ ಲೆಕ್ಕ, ಕೊನೆಗೆ ಹಳೇ ಕಟ್ಟಡಕ್ಕೆ ಒಂದು ಕೋಟು ಬಣ್ಣ.

ನಮ್ಮ ಊರಿನ ಚರಿತ್ರೆಯಲ್ಲಿ ಸೆಮಿನರಿಗೆ ಎಂಥ ಜಾಗ ಇತ್ತು ಅಂತ ನಿಮಗೆ ಗೊತ್ತೇ ಇದೆ. ಯೇಸುಸಭೆಯ (ಜೆಸ್ವಿಟ್) ಫಾದರುಗಳು ಮಂಗಳೂರಿಗೆ ಬಂದಿಳಿದದ್ದು 1878ರ ಡಿಸೆಂಬರ್ 31ಕ್ಕೆ. ಈಗ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿ ಶುರುವಾದದ್ದು 1879ರಲ್ಲಿ. ಸಂತ ಅಲೋಶಿಯಸ್ ಕಾಲೇಜು 1880ರದ್ದು. ಫಾದರ್ ಮುಲ್ಲರ್ ಕಂಕನಾಡಿಯಲ್ಲಿ ಔಷಧ ಕೊಡಲು ಶುರುಮಾಡಿದ್ದೂ 1880ರಲ್ಲೇ. ಅಂದರೆ ಕಾಲೇಜಿಗಿಂತ, ಆಸ್ಪತ್ರೆಗಿಂತ ಮೊದಲು ಅವರು ಸೆಮಿನರಿಗೆ ಕೈ ಹಾಕಿದರು. ಊರಿನ ಹುಡುಗರೇ ಊರಿನ ಗುರುಗಳಾಗಬೇಕು ಅನ್ನುವುದು ಅವರಿಗೆ ಅಷ್ಟು ಮುಖ್ಯವಾಗಿತ್ತು. ಬೆಂಗಳೂರಿನ ಮಲ್ಲೇಶ್ವರದ ಸಂತ ಪೇತ್ರರ ಗುರುಮಠದ, ಅಂದರೆ ಸೆಮಿನರಿಯ, ಬೇರು ಇನ್ನೂ ಹಳೆಯದು. ಪಾಂಡಿಚೇರಿಯಲ್ಲಿ ಫ್ರೆಂಚ್ ಮಿಷನರಿಗಳು 18ನೇ ಶತಮಾನದಲ್ಲಿ ನೆಟ್ಟದ್ದು ಅದು. 1934ರಲ್ಲಿ ಬೆಂಗಳೂರಿಗೆ ಬಂತು. ಇಂಥ ಜಾಗಗಳನ್ನು ಮುಟ್ಟುವಾಗ ಕೈ ಸ್ವಲ್ಪ ನಡುಗಿದರೆ ಒಳ್ಳೆಯದೇ.

ಈಗ ತಲೆ ಲೆಕ್ಕದ ವಿಷಯಕ್ಕೆ ಬರುತ್ತೇನೆ. ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ ಕರಾವಳಿಯ ಕ್ಯಾಥೊಲಿಕ್ ಮನೆಗಳಲ್ಲಿ ಏಳೆಂಟು ಮಕ್ಕಳು ಸಾಮಾನ್ಯ. ಒಬ್ಬ ಫಾದರ್ ಆಗಲಿ, ಒಬ್ಬಳು ಸಿಸ್ಟರ್ ಆಗಲಿ ಅಂತ ತಾಯಿ ಹರಕೆ ಹೊತ್ತುಕೊಳ್ಳುತ್ತಿದ್ದಳು. ಈಗ ಮನೆಗೆ ಇಬ್ಬರು, ಕೆಲವು ಕಡೆ ಒಬ್ಬನೇ. ಆ ಒಬ್ಬನೂ ಓದು ಮುಗಿಸಿ ಗಲ್ಫಿಗೋ ಕೆನಡಾಕ್ಕೋ ಹೊರಡುತ್ತಾನೆ. ಅವನನ್ನಾಗಲಿ ಅವನ ಅಪ್ಪ ಅಮ್ಮನನ್ನಾಗಲಿ ಬೈಯುವುದಕ್ಕೆ ಈ ಮಾತು ಹೇಳುತ್ತಿಲ್ಲ. ಮುಂದಿನ ಮೂವತ್ತು ವರ್ಷಕ್ಕೆ ಕಟ್ಟಡ ಕಟ್ಟುವವರು ಹಿಂದಿನ ಮೂವತ್ತು ವರ್ಷದ ಹಾಜರಿ ಪುಸ್ತಕ ನೋಡಿ ಕಟ್ಟಬಾರದು, ಅಷ್ಟೇ. ನಿಮ್ಮ ಧರ್ಮಪ್ರಾಂತ್ಯದಿಂದ ಕಳೆದ ಹತ್ತು ವರ್ಷಗಳಲ್ಲಿ ಎಷ್ಟು ಹುಡುಗರು ಸೇರಿದರು, ಎಷ್ಟು ಜನ ಮಧ್ಯದಲ್ಲಿ ಬಿಟ್ಟರು, ಎಷ್ಟು ಜನರಿಗೆ ಯಾಜಕದೀಕ್ಷೆ ಆಯಿತು ಅನ್ನುವುದು ನಿಮ್ಮ ಕಚೇರಿಯಲ್ಲೇ ಇದೆ. ನಕ್ಷೆ ಬರೆಯುವವರ ಮುಂದೆ ಮೊದಲು ಇಡಬೇಕಾದದ್ದು ಆ ಹಾಳೆ.

ಇದನ್ನು ಇಡದೆ ಕಟ್ಟಿದರೆ ಏನಾಗುತ್ತದೆ ಅನ್ನುವುದಕ್ಕೆ ಸ್ಕಾಟ್ಲೆಂಡಿನಲ್ಲಿ ಒಂದು ಉದಾಹರಣೆ ಇದೆ. ಗ್ಲಾಸ್ಗೋ ಹತ್ತಿರ ಕಾರ್ಡ್ರಾಸ್ ಅನ್ನುವ ಊರು. ಅಲ್ಲಿ ಗ್ಲಾಸ್ಗೋ ಮಹಾಧರ್ಮಪ್ರಾಂತ್ಯದವರು ಸಂತ ಪೇತ್ರರ ಹೆಸರಿನಲ್ಲಿ ಒಂದು ಹೊಸ ಸೆಮಿನರಿ ಕಟ್ಟಿಸಿದರು. ಗಿಲೆಸ್ಪಿ, ಕಿಡ್ ಅಂಡ್ ಕೋಯಾ ಅನ್ನುವ ಸಂಸ್ಥೆಯ ವಾಸ್ತುಶಿಲ್ಪಿಗಳು ಮಾಡಿದ ವಿನ್ಯಾಸ. ಕಾಂಕ್ರೀಟಿನಲ್ಲಿ ಅದ್ಭುತ ಕೆಲಸ ಅಂತ ಎಲ್ಲರೂ ಹೊಗಳಿದರು. ಸುಮಾರು ನೂರು ವಿದ್ಯಾರ್ಥಿಗಳಿಗೆ ಅಂತ ಯೋಚಿಸಿದ್ದು. ಕೆಲಸ ಮುಗಿದದ್ದು 1966ರಲ್ಲಿ. ಆ ಹೊತ್ತಿಗೆ ಲೋಕದ ಬಿಷಪರೆಲ್ಲ ಸೇರಿದ ಎರಡನೇ ವ್ಯಾಟಿಕನ್ ಸಮ್ಮೇಳನ ಮುಗಿದಿತ್ತು, ಗುರುಗಳ ತರಬೇತಿಯ ಬಗ್ಗೆ ಯೋಚನೆಯೇ ಬದಲಾಗಿತ್ತು, ಸೇರುವವರ ಸಂಖ್ಯೆಯೂ ಇಳಿಯಲು ಶುರುವಾಗಿತ್ತು. ಆ ಕಟ್ಟಡ ಒಂದು ಸಲವೂ ತುಂಬಲಿಲ್ಲ. ಮಳೆನೀರು ಒಳಗೆ ಸೋರುವ ತೊಂದರೆ ಬೇರೆ. 1980ರಲ್ಲಿ ಮುಚ್ಚಿದರು. ಆಮೇಲೆ ಕಿಡಿಗೇಡಿಗಳು ನುಗ್ಗಿದರು, ಬೆಂಕಿ ಬಿತ್ತು, ಗೋಡೆ ತುಂಬ ಬರಹ. 1992ರಲ್ಲಿ ಅಲ್ಲಿನ ಸರ್ಕಾರ ಅದನ್ನು ಅತ್ಯುನ್ನತ ದರ್ಜೆಯ ಪಾರಂಪರಿಕ ಕಟ್ಟಡ ಅಂತ ಗುರುತಿಸಿತು. ಅಂದರೆ ಕೆಡವುವ ಹಾಗೂ ಇಲ್ಲ, ಬಳಸುವ ಹಾಗೂ ಇಲ್ಲ. ದಶಕಗಟ್ಟಲೆ ಅದು ಮಹಾಧರ್ಮಪ್ರಾಂತ್ಯದ ತಲೆಯ ಮೇಲೇ ಕೂತಿತ್ತು. ಕೊನೆಗೆ 2020ರಲ್ಲಿ ಒಂದು ಟ್ರಸ್ಟಿಗೆ ಒಪ್ಪಿಸಿ ಕೈ ತೊಳೆದುಕೊಂಡರು.

ಕರ್ನಾಟಕ ಸ್ಕಾಟ್ಲೆಂಡ್ ಅಲ್ಲ, ಒಪ್ಪುತ್ತೇನೆ. ನಮ್ಮಲ್ಲಿ ಇಗರ್ಜಿಗಳು ಇನ್ನೂ ತುಂಬುತ್ತವೆ. ಆದರೆ ಕಾರ್ಡ್ರಾಸ್‌ನವರೂ ಸೆಮಿನರಿ ಖಾಲಿಯಾಗಲಿ ಅಂತ ಕಟ್ಟಿರಲಿಲ್ಲ. ಶ್ರದ್ಧೆಯಿಂದಲೇ ಕಟ್ಟಿದರು, ಒಳ್ಳೆಯ ವಾಸ್ತುಶಿಲ್ಪಿಗಳನ್ನು ಹಿಡಿದೇ ಕಟ್ಟಿಸಿದರು. ಮುಂದೆ ಯಾರು ಬರುತ್ತಾರೆ, ಅವರ ತರಬೇತಿ ಯಾವ ರೀತಿ ಇರುತ್ತದೆ ಅನ್ನುವ ಪ್ರಶ್ನೆ ಕೇಳಿಕೊಳ್ಳುವುದು ತಡವಾಯಿತು.

ತರಬೇತಿಯ ರೀತಿಯ ಬಗ್ಗೆ ಧರ್ಮಸಭೆಯೇ ಸ್ಪಷ್ಟವಾಗಿ ಹೇಳಿದೆ. ಬಹಳ ಜನ ವಿದ್ಯಾರ್ಥಿಗಳಿರುವ ಸೆಮಿನರಿಗಳಲ್ಲಿ ಅವರನ್ನು ಸಣ್ಣ ಗುಂಪುಗಳಾಗಿ ಮಾಡಬಹುದು, ಆಗ ಒಬ್ಬೊಬ್ಬರ ಕಡೆಗೂ ಚೆನ್ನಾಗಿ ಗಮನ ಕೊಡಲು ಆಗುತ್ತದೆ ಅಂತ ಆ ವ್ಯಾಟಿಕನ್ ಸಮ್ಮೇಳನ 1965ರಲ್ಲೇ ಹೇಳಿತು. 2016ರ ಡಿಸೆಂಬರ್ 8ಕ್ಕೆ ವ್ಯಾಟಿಕನ್ ಹೊರಡಿಸಿದ ಹೊಸ ಮಾರ್ಗಸೂಚಿ ಇನ್ನೂ ಮುಂದೆ ಹೋಗುತ್ತದೆ. ಮೊದಲು ಒಂದರಿಂದ ಎರಡು ವರ್ಷದ ತಯಾರಿ, ಅದೂ ಸಾಧ್ಯವಾದರೆ ದೊಡ್ಡ ಸೆಮಿನರಿಯಿಂದ ಬೇರೆಯಾದ ಮನೆಯಲ್ಲಿ. ಆಮೇಲೆ ತತ್ವಶಾಸ್ತ್ರದ ಹಂತ, ಆಮೇಲೆ ದೇವಶಾಸ್ತ್ರದ ಹಂತ. ಕೊನೆಯದು ಸೆಮಿನರಿಯ ಹೊರಗೆ, ಜನರ ನಡುವೆ. ನಮ್ಮ ಕಡೆ ಬ್ರದರುಗಳು, ಅಂದರೆ ಗುರುಗಳಾಗಲು ಓದುತ್ತಿರುವ ಹುಡುಗರು, ರೀಜೆನ್ಸಿ ಅನ್ನುವ ಅನುಭವದ ಅವಧಿಗೆ ಅಂತ ಧರ್ಮಕೇಂದ್ರಗಳಿಗೆ ಬಂದು ಇರುವುದಂತೂ ಇದ್ದೇ ಇದೆ. ಈ ಲೆಕ್ಕ ಹಿಡಿದರೆ ಎಲ್ಲರೂ ಎಲ್ಲ ವರ್ಷವೂ ಒಂದೇ ಕಾಂಪೌಂಡಿನ ಒಳಗೆ ಮಲಗುವುದಿಲ್ಲ. ಹಾಗಾದರೆ ನಾಲ್ಕು ಮಹಡಿಯ ಒಂದೇ ದೊಡ್ಡ ಬ್ಲಾಕ್ ಯಾಕೆ? ಹತ್ತು ಹನ್ನೆರಡು ಬ್ರದರುಗಳು ಒಬ್ಬ ಫಾದರ್ ಜೊತೆ ಒಂದು ಮನೆಯವರ ಹಾಗೆ ಇರಬಹುದಾದ ಸಣ್ಣ ಸಣ್ಣ ಮನೆಗಳು ಯಾಕಾಗಬಾರದು? ಅಂಥ ಮನೆಯಲ್ಲಿ ಅಡುಗೆಗೆ ಕೈ ಹಾಕಬೇಕು, ಪಾತ್ರೆ ತೊಳೆಯಬೇಕು, ಕರೆಂಟ್ ಬಿಲ್ ನೋಡಬೇಕು, ಪಕ್ಕದವನಿಗೆ ಜ್ವರ ಬಂದರೆ ಗಂಜಿ ಮಾಡಿಕೊಡಬೇಕು. ನಾಳೆ ಶಿವಮೊಗ್ಗದ ಯಾವುದೋ ಹಳ್ಳಿಯಲ್ಲೋ ಬಳ್ಳಾರಿ ಕಡೆಯಲ್ಲೋ ಒಬ್ಬನೇ ಇರಬೇಕಾದ ಗುರುವಿಗೆ ಇದೆಲ್ಲ ಬೇಕು. ಸಂಖ್ಯೆ ಇಳಿದರೆ ಒಂದು ಮನೆಯನ್ನು ಬೇರೆ ಕೆಲಸಕ್ಕೆ ಕೊಡಬಹುದು. ದೊಡ್ಡ ಬ್ಲಾಕಿನ ಅರ್ಧವನ್ನು ಹಾಗೆ ಕೊಡಲು ಆಗುವುದಿಲ್ಲ.

ಇನ್ನು ನನ್ನ ಕಸುಬಿನ ವಿಷಯ. ಇಲ್ಲಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ. ಹೊಸ ಬ್ಲಾಕಿನ ಬಗ್ಗೆ ಹೇಳಲು ನಿಮಗೆ ಬೇಕಾದಷ್ಟು ಜನ ಸಿಗುತ್ತಾರೆ. ಹಳೇ ಗೋಡೆಯ ಪರವಾಗಿ ಮಾತಾಡುವವರು ಕಡಿಮೆ.

ಕರಾವಳಿಯ ಹಳೇ ಸೆಮಿನರಿ, ಕಾನ್ವೆಂಟು, ಇಗರ್ಜಿಗಳೆಲ್ಲ ಹೆಚ್ಚಾಗಿ ಮುರಕಲ್ಲಿನವು, ಅಂದರೆ ಕರಾವಳಿಯ ಕೆಂಪು ಜಂಬಿಟ್ಟಿಗೆ ಕಲ್ಲಿನವು. ಕಲ್ಲಿನ ನಡುವೆ ಸುಣ್ಣದ ಗಾರೆ, ಮೇಲೆ ಸುಣ್ಣದ ಗಿಲಾವು, ತಲೆಯ ಮೇಲೆ ಪಕ್ಕಾಸು, ರೀಪು ಅನ್ನುವ ಮರದ ತೊಲೆ ಪಟ್ಟಿಗಳು, ಮಂಗಳೂರು ಹಂಚು. ಆ ಹಂಚಿನ ಊರೂ ಜೆಪ್ಪುವೇ. ಬಾಸೆಲ್ ಮಿಷನ್‌ನವರು 1865ರಲ್ಲಿ ನೇತ್ರಾವತಿಯ ದಡದ ಆ ಕಡೆಯಲ್ಲೇ ಮೊದಲ ಹಂಚಿನ ಕಾರ್ಖಾನೆ ಹಾಕಿದ್ದು. ವರ್ಷಕ್ಕೆ 3,500 ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಊರಿಗೆ ಇದಕ್ಕಿಂತ ಹೊಂದುವ ಕಟ್ಟಡ ಇನ್ನೊಂದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮುರಕಲ್ಲು ನೀರು ಕುಡಿಯುತ್ತದೆ, ಮಳೆ ಬಿಟ್ಟ ಮೇಲೆ ಅದನ್ನು ಹೊರಗೆ ಬಿಡುತ್ತದೆ. ಸುಣ್ಣ ಅದಕ್ಕೆ ದಾರಿ ಕೊಡುತ್ತದೆ. ಹಂಚಿನ ಸಂದಿಯಲ್ಲಿ ಗಾಳಿಯಾಡುತ್ತದೆ.

ಹೀಗಿರುವ ಗೋಡೆಗೆ ನವೀಕರಣ ಅಂತ ಸಿಮೆಂಟ್ ಗಿಲಾವು ಮಾಡಿ, ಮೇಲೆ ಪ್ಲಾಸ್ಟಿಕ್ ಪೇಂಟ್ ಬಳಿದರೆ ಗೋಡೆಗೆ ಉಸಿರು ಕಟ್ಟುತ್ತದೆ. ಒಂದು ಹಳೇ ಕಟ್ಟಡದಲ್ಲಿ ಇದನ್ನು ತೀರಾ ಹತ್ತಿರದಿಂದ ನೋಡಿದ್ದೇನೆ. ಹೊರಗಿಂದ ಕೆನೆ ಬಣ್ಣದ ಹೊಚ್ಚ ಹೊಸ ಗೋಡೆ. ಬೆರಳಿನ ಗೆಣ್ಣಿನಿಂದ ತಟ್ಟಿದರೆ ಟೊಳ್ಳು ಸದ್ದು. ಒಂದು ಮೂಲೆಯಲ್ಲಿ ಸಣ್ಣ ಉಳಿ ಹಾಕಿದೆವು, ಊಟದ ತಟ್ಟೆಯಷ್ಟು ಗಿಲಾವು ಒಟ್ಟಿಗೇ ಕಳಚಿ ಬಂತು. ಒಳಗೆ ಕಲ್ಲು ಒದ್ದೆ. ಮೇಲ್ಮೈ ತುಂಬ ಬಿಳಿ ಉಪ್ಪಿನ ಪುಡಿ. ಕೈಯಿಂದ ಉಜ್ಜಿದರೆ ಕಲ್ಲೇ ಕೆಂಪು ಹುಡಿಯಾಗಿ ಬೆರಳಿಗೆ ಅಂಟುತ್ತಿತ್ತು. ನೂರು ವರ್ಷ ಗಟ್ಟಿಯಾಗಿ ನಿಂತಿದ್ದ ಕಲ್ಲು, ಅದನ್ನು ಕಾಪಾಡಲು ಅಂತ ಹಚ್ಚಿದ ಸಿಮೆಂಟಿನಿಂದ ಕರಗುತ್ತಿತ್ತು. ಇಂಥ ಗೋಡೆಯನ್ನು ನೋಡಿದ ಎಂಜಿನಿಯರ್ 'ಕಟ್ಟಡ ಶಿಥಿಲ, ಕೆಡವಬೇಕು' ಅಂತ ಬರೆದು ಕೊಡುತ್ತಾನೆ. ನಿಮ್ಮ ಕೈಗೆ ಬರುವ ಶಿಥಿಲತೆಯ ವರದಿಗಳಲ್ಲಿ ಎಷ್ಟು ಹೀಗೆ ಹುಟ್ಟಿದವು ಅಂತ ದಯವಿಟ್ಟು ವಿಚಾರಿಸಿ.

ನಿಜವಾಗಿ ಹೆದರಬೇಕಾದದ್ದು ಹಳೇ ಮುರಕಲ್ಲಿನ ಬ್ಲಾಕಿಗಲ್ಲ, ಅದರ ಪಕ್ಕದಲ್ಲಿ 1970, 80ರ ದಶಕದಲ್ಲಿ ಎದ್ದ ಕಾಂಕ್ರೀಟ್ ಬ್ಲಾಕಿಗೆ. ಸಮುದ್ರದ ಉಪ್ಪುಗಾಳಿಗೆ ಒಳಗಿನ ಸರಳು ತುಕ್ಕು ಹಿಡಿಯುತ್ತದೆ, ಉಬ್ಬುತ್ತದೆ, ಮೇಲಿನ ಕಾಂಕ್ರೀಟನ್ನು ಒಡೆದು ಉದುರಿಸುತ್ತದೆ. ಸಜ್ಜಾದ ಅಡಿ, ಬಾತ್‌ರೂಮಿನ ಚಾವಣಿ, ಟೆರೇಸಿನ ಅಂಚು, ಈ ಮೂರು ಕಡೆ ತಲೆ ಎತ್ತಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಟೆರೇಸ್ ಸೋರುತ್ತದೆ ಅಂತ ಮೇಲೆ ತಗಡಿನ ಮಾಡು ಹಾಕಿಬಿಡುತ್ತೇವೆ. ಸೋರುವುದು ನಿಲ್ಲುತ್ತದೆ, ತುಕ್ಕು ನಿಲ್ಲುವುದಿಲ್ಲ. ಆ ಬ್ಲಾಕಿನಲ್ಲಿ ಹುಡುಗರು ಮಲಗುತ್ತಾರೆ. ಮೊದಲ ದುಡ್ಡು ಅಲ್ಲಿಗೆ ಹೋಗಲಿ. ಎರಡನೆಯದು ವೈರಿಂಗಿಗೆ. ಫ್ಯಾನು ಒಂದೇ ಇದ್ದ ಕಾಲದ ವೈರಿನ ಮೇಲೆ ಈಗ ಗೀಸರು, ಲ್ಯಾಪ್‌ಟಾಪು, ಪ್ರೊಜೆಕ್ಟರು ಎಲ್ಲ ಓಡುತ್ತಿವೆ. ಮೇಲೆ ಮರದ ಪಕ್ಕಾಸು ಇರುವ ಕಟ್ಟಡದಲ್ಲಿ ಇದು ಆಟವಲ್ಲ. ಮಹಡಿಯಿಂದ ಇಳಿಯಲು ಎರಡು ಮೆಟ್ಟಿಲು ಇವೆಯಾ, ರಾತ್ರಿ ಎರಡಕ್ಕೂ ಬೀಗ ಬೀಳದೆ ಇರುತ್ತದಾ, ಅದನ್ನೂ ನೋಡಿ.

ಹಳೆಯದನ್ನು ಉಳಿಸಲು ಆಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಸಂತ ಅಲೋಶಿಯಸ್ ಚಾಪೆಲ್‌ನಲ್ಲಿ ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿ 1899ರಲ್ಲಿ ಚಿತ್ರ ಬರೆಯಲು ಶುರುಮಾಡಿದರು. ಸುಮಾರು ತೊಂಬತ್ತು ವರ್ಷದ ಮೇಲೆ ಆ ಚಿತ್ರಗಳಿಗೆ ಚಿಕಿತ್ಸೆ ಬೇಕಾಯಿತು. ಆಗ ಪರಂಪರೆ ಉಳಿಸುವ ಕೆಲಸ ಮಾಡುವ ಇಂಟ್ಯಾಕ್ ಸಂಸ್ಥೆಯ ತಜ್ಞರು ಬಂದು 1990ರ ದಶಕದ ಮೊದಲ ವರ್ಷಗಳಲ್ಲಿ ಸರಿಮಾಡಿಕೊಟ್ಟರು. ಇವತ್ತು ದೇಶದ ಮೂಲೆ ಮೂಲೆಯಿಂದ ಜನ ಬಂದು ನೋಡುತ್ತಾರೆ. ಹೊಸದಾಗಿ ಬಣ್ಣ ಬಳಿದುಬಿಡೋಣ ಅಂತ ಅಂದು ಯಾರಾದರೂ ಹೊರಟಿದ್ದರೆ ಏನಾಗುತ್ತಿತ್ತು? ಎಲ್ಲ ಸೆಮಿನರಿಯಲ್ಲೂ ಮೊಸ್ಕೆನಿ ಇಲ್ಲ, ನಿಜ. ಆದರೆ ತಿರುವು ಮೆಟ್ಟಿಲು, ಸವೆದ ಕೆಂಪು ನೆಲ, ಉದ್ದ ಜಗಲಿ, ಹಳೇ ಚಾಪೆಲಿನ ಮರದ ಪೀಠ ಇವೆಯಲ್ಲ, ಅವೂ ಮತ್ತೆ ಹುಟ್ಟುವುದಿಲ್ಲ. ಪೂಜೆ ಜನರ ಕಡೆ ಮುಖಮಾಡಿ ಆಗುತ್ತದೆ ಅಂತ ಹಳೇ ಪೀಠವನ್ನು ಕಿತ್ತು ಗೋದಾಮಿಗೆ ಹಾಕಬೇಕಾಗಿಲ್ಲ. ಮುಂದೆ ಒಂದು ಸರಳವಾದ ಬಲಿಪೀಠ ಇಡಬಹುದು, ಹಿಂದಿನದು ಇದ್ದಲ್ಲೇ ಇರಲಿ. ಇದಕ್ಕೆಲ್ಲ ಸುಣ್ಣದ ಕೆಲಸ ಗೊತ್ತಿರುವ ಮೇಸ್ತ್ರಿಗಳು ಬೇಕು, ಮಳೆಗೆ ಮೊದಲು ಹಂಚು ಕೈಯಾಡಿಸುವವರು ಬೇಕು. ಅವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆ ಆಗುತ್ತಿದೆ. ನೀವು ಕೆಲಸ ಕೊಟ್ಟರೆ ಆ ಕಸುಬೂ ಉಳಿಯುತ್ತದೆ.

ಧರ್ಮಸಭೆಯ ಕಾನೂನೂ ನನ್ನ ಕಡೆಗೇ ಇದೆ. 1983ರ ಕ್ಯಾನನ್ ಕಾನೂನಿನ 1284ನೇ ವಿಧಿ, ಚರ್ಚಿನ ಆಸ್ತಿ ನೋಡಿಕೊಳ್ಳುವವರು ಒಬ್ಬ ಒಳ್ಳೇ ಮನೆಯಜಮಾನನ ಶ್ರದ್ಧೆಯಿಂದ ನೋಡಿಕೊಳ್ಳಬೇಕು, ಅದು ಹಾಳಾಗದಂತೆ ಕಾಯಬೇಕು ಅನ್ನುತ್ತದೆ. ಒಳ್ಳೇ ಮನೆಯಜಮಾನ ಮೇ ತಿಂಗಳಲ್ಲಿ ಏಣಿ ಹಾಕಿ ಮಾಡು ಹತ್ತಿಸುತ್ತಾನೆ. ರಿಪೇರಿಗೆ ಅಂತ ಪ್ರತಿ ವರ್ಷ ಒಂದಿಷ್ಟು ತೆಗೆದಿಡುತ್ತಾನೆ. ಉದ್ಘಾಟನೆಯ ದಿನ ಕಲ್ಲಿನ ಮೇಲೆ ಹೆಸರು ಬರೆಸಲು ದಾನಿಗಳು ಸಿಗುತ್ತಾರೆ, ಒಡೆದ ಹಂಚು ಬದಲಾಯಿಸಲು ಸಿಗುವುದಿಲ್ಲ. ಅದಕ್ಕೇ ಹೇಳುತ್ತೇನೆ: ಕಟ್ಟಡ ನಿಧಿ ಎತ್ತುವಾಗಲೇ ಅದರ ಒಂದು ಪಾಲನ್ನು ನಿರ್ವಹಣೆಗೆ ಅಂತ ಬೇರೆ ಇಟ್ಟು, ಅದನ್ನು ಮುಟ್ಟಬಾರದು ಅಂತ ಬರೆದಿಡಿ.

ಸರಿ, ವಿಸ್ತರಣೆ ಬೇಡವೇ ಬೇಡ ಅನ್ನುತ್ತಿದ್ದೇನಾ? ಇಲ್ಲ. ಬೇಕಾದ ಕಡೆ ಬೇಕೇ ಬೇಕು. ಎಲ್ಲಿ ಬೇಕು ಅಂತ ನನಗೆ ಕಂಡದ್ದನ್ನು ಹೇಳುತ್ತೇನೆ.

ಅಡುಗೆಮನೆ. ನೂರು ಜನಕ್ಕೆ ಮೂರು ಹೊತ್ತು ಬೇಯಿಸುವ ಜಾಗಕ್ಕೆ ಯಾವ ನಕ್ಷೆಯಲ್ಲೂ ಕೊನೆಯ ಸ್ಥಾನ. ಕುಚ್ಚಲಕ್ಕಿಯ ದೊಡ್ಡ ಹಂಡೆ ಇಳಿಸಲು ಇಬ್ಬರು ಬೇಕು, ನೆಲ ಯಾವಾಗಲೂ ಒದ್ದೆ, ಹೊಗೆ ಹೊರಹೋಗಲು ಒಂದು ಪುಟ್ಟ ಕಿಟಕಿ. ಅಲ್ಲಿ ದುಡಿಯುವ ಹೆಂಗಸರಿಗೆ ಬಟ್ಟೆ ಬದಲಾಯಿಸಲು ಕೋಣೆ ಇಲ್ಲ, ಕೆಲವು ಕಡೆ ಶೌಚಾಲಯ ಕಾಂಪೌಂಡಿನ ಆ ತುದಿಯಲ್ಲಿ. ಬ್ರದರುಗಳಿಗೆ ಕ್ಲಾಸಿನಲ್ಲಿ ಕಾರ್ಮಿಕರ ಘನತೆಯ ಬಗ್ಗೆ ಪಾಠ ಮಾಡುತ್ತೀರಿ. ಊಟಕ್ಕೆ ಕೂತಾಗ ಅವರ ಕಣ್ಣಿಗೆ ಬೀಳುವುದೂ ಒಂದು ಪಾಠವೇ. 2016ರ ಮಾರ್ಗಸೂಚಿ ಗುರುಗಳ ತರಬೇತಿಯಲ್ಲಿ ಹೆಂಗಸರ ಇರುವಿಕೆಗೆ ಅದರದೇ ಬೆಲೆ ಇದೆ ಅನ್ನುತ್ತದೆ. ಪಾಠ ಹೇಳುವ ಸಿಸ್ಟರುಗಳು, ಪ್ರೊಫೆಸರುಗಳು, ಆಪ್ತಸಮಾಲೋಚಕರು ಬರಬೇಕಾದರೆ ಅವರಿಗೂ ಒಂದು ಕೋಣೆ, ಒಂದು ಶೌಚಾಲಯ ನಕ್ಷೆಯಲ್ಲಿ ಇರಬೇಕಲ್ಲ. ಕಟ್ಟಡ ಸಮಿತಿಯಲ್ಲೂ ಹೆಂಗಸರಿರಲಿ. ಎಷ್ಟು ಮನೆಗಳ ಅಡುಗೆಮನೆ ಸರಿಯಾದದ್ದು ಅವರ ಮಾತು ಕೇಳಿದ ಮೇಲೆಯೇ.

ಮಾತಾಡುವ ಕೋಣೆ. ಮನಸ್ಸಿಗೆ ಕಷ್ಟವಾದ ಹುಡುಗ ಒಬ್ಬ ಸಮಾಲೋಚಕರ ಹತ್ತಿರ ನಿಶ್ಚಿಂತೆಯಿಂದ ಮಾತಾಡಬೇಕು. ಮಾತು ಹೊರಗೆ ಕೇಳಬಾರದು, ಆದರೆ ಬಾಗಿಲಿಗೆ ಗಾಜು ಇರಬೇಕು. ಇಂದಿನ ಕಾಲದಲ್ಲಿ ಎಲ್ಲರ ಸುರಕ್ಷತೆಗೆ ಇದು ಬೇಕೇ ಬೇಕು. ಖರ್ಚು ತೀರಾ ಕಡಿಮೆ. ಇಪ್ಪತ್ತೊಂದರ ಹುಡುಗ ರಾತ್ರಿ ಒಬ್ಬನೇ ಏನು ಹೊತ್ತುಕೊಂಡು ಮಲಗುತ್ತಾನೆ ಅಂತ ಅವನ ತಾಯಿಗೂ ಗೊತ್ತಿರುವುದಿಲ್ಲ.

ಲೈಬ್ರರಿ. ಕೊಂಕಣಿಗೆ ವ್ಯಾಕರಣ, ನಿಘಂಟು ಮಾಡಿಕೊಟ್ಟ ಫಾದರ್ ಏಂಜೆಲೊ ಮಾಫೆಯ್ ಕಾಲದಿಂದ, ಅಂದರೆ 1880ರ ದಶಕದಿಂದ, ನಮ್ಮ ಗುರುಗಳು ಭಾಷೆಗಾಗಿ ದುಡಿದಿದ್ದಾರೆ. ಹಳೇ ಸೆಮಿನರಿ ಲೈಬ್ರರಿಗಳ ಕಪಾಟಿನಲ್ಲಿ ಕನ್ನಡ, ಕೊಂಕಣಿ, ತುಳು, ಲ್ಯಾಟಿನ್ ಪುಸ್ತಕಗಳು ಗೆದ್ದಲಿನ ಜೊತೆ ಹೋರಾಡುತ್ತಿವೆ. ಗೋಡೆಗೆ ಒರಗಿಸಿಟ್ಟ ಮರದ ಕಪಾಟನ್ನು ಒಂದು ಗೇಣು ಮುಂದೆ ಎಳೆದರೆ ಅರ್ಧ ತೊಂದರೆ ಕಡಿಮೆ ಆಗುತ್ತದೆ. ಉಳಿದದ್ದಕ್ಕೆ ಒಣಗಿದ ಕೋಣೆ ಬೇಕು, ಒಬ್ಬ ತರಬೇತಿಯಾದ ಲೈಬ್ರರಿಯನ್ ಬೇಕು, ಸ್ಕ್ಯಾನ್ ಮಾಡಿಡುವ ವ್ಯವಸ್ಥೆ ಬೇಕು. ಹೊಸ ಆಡಿಟೋರಿಯಂಗೆ ಇಡುವ ದುಡ್ಡಿನಲ್ಲಿ ಸಣ್ಣ ತುಂಡು ಇದಕ್ಕೆ ಸಾಕು. ವರ್ಷಕ್ಕೆ ಕೆಲವೇ ದಿನ ತುಂಬುವ ಎಸಿ ಹಾಲ್ ಯಾರಿಗೆ ಬೇಕು? ಊರಲ್ಲಿ ಇಗರ್ಜಿ ಹಾಲುಗಳಿಗೆ ಏನು ಬರವೇ?

ಪಕ್ಕದಲ್ಲೇ ಒಂದು ಕನ್ನಡದ ಕೋಣೆ ಇರಲಿ. ನಮ್ಮ ಸೆಮಿನರಿಗಳಿಗೆ ಕೊಂಕಣಿ, ತುಳು, ತಮಿಳು, ಮಲಯಾಳಂ ಮನೆಮಾತಿನ ಹುಡುಗರು ಬರುತ್ತಾರೆ. ನಾಳೆ ಅವರು ರಾಯಚೂರಿನಲ್ಲೋ ಹಾಸನದಲ್ಲೋ ಕನ್ನಡದಲ್ಲಿ ಪ್ರಸಂಗ ಹೇಳಬೇಕು, ಕನ್ನಡದಲ್ಲಿ ಪಾಪನಿವೇದನೆ ಕೇಳಬೇಕು. ಕಷ್ಟ ಹೇಳಿಕೊಳ್ಳಲು ಬಂದ ಮುದುಕಿಯ ಮಾತು ಅರ್ಧ ಮಾತ್ರ ಅರ್ಥವಾದರೆ ಹೇಗೆ? ಅದಕ್ಕೆ ದೊಡ್ಡ ಯಂತ್ರಗಳೇನೂ ಬೇಡ. ಒಬ್ಬ ಒಳ್ಳೇ ಮೇಷ್ಟ್ರು, ಒಂದು ಸಣ್ಣ ವೇದಿಕೆ, ದಿನಪತ್ರಿಕೆ, ನಾಟಕ ಆಡುವ ಜಾಗ.

ರ‍್ಯಾಂಪು, ಕೈಹಿಡಿ, ಅಗಲದ ಬಾಗಿಲು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದ ಮೇಲೆ ಇದನ್ನು ಯಾರೂ ನೆನಪಿಸುವ ಹಾಗೆ ಇರಬಾರದು. ಹಿರಿಯ ಫಾದರುಗಳು ಮಂಡಿನೋವಿನಿಂದ ಚಾಪೆಲಿಗೇ ಬರಲಾಗದೆ ಕೋಣೆಯಲ್ಲಿ ಉಳಿಯುವುದು ನೋಡಲು ಬೇಸರವಾಗುತ್ತದೆ.

ನೆಲದ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ. ಸೆಮಿನರಿ ಕ್ಯಾಂಪಸ್‌ಗಳು ಇವತ್ತು ನಗರದ ನಡುವೆ ಉಳಿದಿರುವ ದೊಡ್ಡ ಹಸಿರು ಜಾಗಗಳು. ಮಲ್ಲೇಶ್ವರದಂಥ ಕಡೆ ಒಂದು ಎಕರೆ ಮರಗಳ ಬೆಲೆ ಏನು ಅಂತ ಬೆಂಗಳೂರಿನವರಿಗೆ ಕೇಳಿ, 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ಕಾದವರು ಹೇಳುತ್ತಾರೆ. ಅಲ್ಲಿ ದೊಡ್ಡ ನಿವೇಶನಗಳಿಗೆ ಮಳೆನೀರು ಕೊಯ್ಲು 2009ರಿಂದಲೇ ಕಡ್ಡಾಯ. ಮರ ಕಡಿಯಬೇಕಾದರೆ 1976ರ ಮರಗಳ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಕಾನೂನಿನ ಮಾತು ಹಾಗಿರಲಿ, ಪೋಪ್ ಫ್ರಾನ್ಸಿಸ್ 2015ರಲ್ಲೇ ಭೂಮಿ ನಮ್ಮೆಲ್ಲರ ಮನೆ ಅಂತ ಇಡೀ ಲೋಕಕ್ಕೆ ಬರೆದರು. ಆದರೆ ನಮ್ಮ ಕಡೆ ನವೀಕರಣ ಅಂದಕೂಡಲೇ ಮೊದಲು ಬರುವುದು ಇಂಟರ್‌ಲಾಕ್, ಅಂದರೆ ಅಂಗಳಕ್ಕೆ ಹಾಸುವ ಸಿಮೆಂಟ್ ಬ್ಲಾಕು. ಇಗರ್ಜಿ ಅಂಗಳ, ಶಾಲೆ ಅಂಗಳ, ಕೊನೆಗೆ ಸ್ಮಶಾನದ ದಾರಿಯವರೆಗೂ ಇಂಟರ್‌ಲಾಕ್ ಹಾಕಿದ್ದಾಯಿತು. ಮಳೆನೀರು ಇಳಿಯಲು ಜಾಗವಿಲ್ಲದೆ ರಸ್ತೆಗೆ ಹರಿಯುತ್ತದೆ, ಏಪ್ರಿಲಿನಲ್ಲಿ ಬಾವಿ ಬತ್ತುತ್ತದೆ, ಮಧ್ಯಾಹ್ನ ಅಂಗಳದಲ್ಲಿ ಕಾಲಿಡಲು ಆಗುವುದಿಲ್ಲ. ಸೆಮಿನರಿಯ ಅಂಗಳವನ್ನಾದರೂ ಮಣ್ಣಾಗಿ ಬಿಡಿ. ಬಾವಿಯ ಹೂಳೆತ್ತಿಸಿ. ಮಾಡಿನ ನೀರನ್ನು ಬಾವಿಗೆ ಬಿಡಿ. ಬ್ರದರುಗಳು ಬಸಳೆ, ಅಲಸಂಡೆ ಬೆಳೆಯಲು ನಾಲ್ಕು ಸಾಲು ಬಿಡಿ.

ಇನ್ನು ದುಡ್ಡು. ಶಂಕರಪುರದ ಕಡೆ ಎಷ್ಟೋ ಮನೆಗಳಲ್ಲಿ ಹೆಂಗಸರು ನಸುಕಿಗೇ ಎದ್ದು ಮಲ್ಲಿಗೆ ಕೊಯ್ದು, ಬಾಳೆ ನಾರಿನಲ್ಲಿ ಕಟ್ಟಿ, ಅಟ್ಟೆ ಅನ್ನುವ ಕಟ್ಟಿನ ಲೆಕ್ಕದಲ್ಲಿ ಮಾರುತ್ತಾರೆ. ಆ ದುಡ್ಡಿನಲ್ಲಿ ಮಕ್ಕಳ ಫೀಸು, ಔಷಧಿ, ಅದರಲ್ಲೇ ಸೆಮಿನರಿಯ ಕವರು. ಗಲ್ಫಿನ ಲೇಬರ್ ಕ್ಯಾಂಪಿನಲ್ಲಿ ಆರು ಜನ ಒಂದೇ ಕೋಣೆಯಲ್ಲಿ ಮಲಗಿ ಉಳಿಸಿದ ದುಡ್ಡೂ ಆ ಕವರಿನಲ್ಲಿ ಇರುತ್ತದೆ. ಇದನ್ನು ಕೊಟ್ಟವರು ಲೆಕ್ಕ ಕೇಳುವುದಿಲ್ಲ. ಗುರುಗಳನ್ನು ಕೇಳಬಾರದು ಅನ್ನುವ ಸಂಕೋಚ. ಆದರೆ ಕೇಳದಿದ್ದರೂ ಕೊಡಬೇಕು ಅನ್ನುತ್ತದೆ ನಿಮ್ಮದೇ ಕಾನೂನು. ಭಕ್ತರು ಕೊಟ್ಟದ್ದರ ಲೆಕ್ಕವನ್ನು ಭಕ್ತರಿಗೆ ಒಪ್ಪಿಸಬೇಕು ಅನ್ನುವುದು 1287ನೇ ವಿಧಿ. ಒಂದು ಉದ್ದೇಶಕ್ಕೆ ಕೊಟ್ಟ ಕಾಣಿಕೆಯನ್ನು ಅದಕ್ಕೇ ಬಳಸಬೇಕು ಅನ್ನುವುದು 1267ನೇ ವಿಧಿ. ಹಾಗಾಗಿ ಅಂದಾಜು ವೆಚ್ಚ ಎಷ್ಟು, ಟೆಂಡರ್ ಯಾರಿಗೆ ಆಯಿತು, ಎಷ್ಟು ಬಂತು, ಎಷ್ಟು ಹೋಯಿತು ಅಂತ ಆರು ತಿಂಗಳಿಗೊಮ್ಮೆ ಒಂದು ಪುಟದಲ್ಲಿ ಬರೆದು ಪ್ರತಿ ಧರ್ಮಕೇಂದ್ರಕ್ಕೂ ಕಳಿಸಿ. ಇಗರ್ಜಿಯ ಬಾಗಿಲಲ್ಲಿ ಅಂಟಿಸಲಿ. ಲೆಕ್ಕ ಕಣ್ಣಿಗೆ ಕಂಡರೆ ಜನ ಜಾಸ್ತಿ ಕೊಡುತ್ತಾರೆ, ಇದು ನಾನು ಇಗರ್ಜಿ ರಿಪೇರಿಗಳಲ್ಲಿ ಕಂಡ ಮಾತು. ದಾನಿಗಳ ಹೆಸರಿನ ಗ್ರಾನೈಟ್ ಹಲಗೆ ಸಾಧ್ಯವಾದರೆ ಬೇಡ. ಹಾಕಲೇಬೇಕಾದರೆ ಮಲ್ಲಿಗೆ ಮಾರಿ ಕೊಟ್ಟವರ ಹೆಸರೂ ಅದೇ ಅಕ್ಷರದ ಗಾತ್ರದಲ್ಲಿ ಇರಲಿ.

ನಮ್ಮ ಕೋರಿಕೆ ಹೀಗಿದೆ. ಟೆಂಡರ್ ಕರೆಯುವ ಮೊದಲು ನಕ್ಷೆಯನ್ನು ಜನರ ಮುಂದೆ ಇಡಿ. ಸೆಮಿನರಿಯ ಊಟದ ಹಾಲಿನಲ್ಲೇ ಒಂದು ಭಾನುವಾರ ಗೋಡೆಗೆ ಅಂಟಿಸಿ, ಪಾಲನಾ ಪರಿಷತ್ತುಗಳನ್ನು ಕರೆಯಿರಿ, ಬ್ರದರುಗಳನ್ನೂ ಕೂರಿಸಿ. ಅಲ್ಲಿ ಮಲಗುವವರು ಅವರು, ಏನು ಕೊರತೆ ಅಂತ ಅವರಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅಡುಗೆಯವರನ್ನೂ ಕೇಳಿ. ಹಳೇ ಕಟ್ಟಡವನ್ನು ಕೆಡವಬೇಕು ಅಂತ ವರದಿ ಬಂದಿದ್ದರೆ, ಹಳೇ ಕಟ್ಟಡಗಳ ಕೆಲಸ ಗೊತ್ತಿರುವ ಇನ್ನೊಬ್ಬರಿಂದ ಎರಡನೇ ಅಭಿಪ್ರಾಯ ತೆಗೆದುಕೊಳ್ಳಿ. ಅವರು ಬೇಸಿಗೆಯಲ್ಲಿ ಬಂದು ಹೋದರೆ ಸಾಲದು, ಜುಲೈಯಲ್ಲಿ ಒಂದು ಸಲ ಬರಲಿ. ಸೋರುವ ಕಟ್ಟಡ ಮಳೆಯಲ್ಲಿ ಸುಳ್ಳು ಹೇಳುವುದಿಲ್ಲ.

ಕರೆದರೆ ನಾನೂ ಬರುತ್ತೇನೆ, ಸಂಬಳವಿಲ್ಲದೆ. ನನ್ನ ಹಾಗೆ ಬರುವ ಎಂಜಿನಿಯರುಗಳು, ಮೇಸ್ತ್ರಿಗಳು, ಎಲೆಕ್ಟ್ರಿಷಿಯನ್‌ಗಳು ಪ್ರತಿ ಧರ್ಮಕೇಂದ್ರದಲ್ಲೂ ಇದ್ದಾರೆ. ಈ ವರ್ಷದ ಮಳೆಗಾಲ ಮುಗಿಯುವುದರೊಳಗೆ ಒಂದು ಸಭೆ ಕರೆಯಿರಿ.

ಇಂತಿ ನಿಮ್ಮ ವಿಶ್ವಾಸಿ,
ಮಂಗಳೂರು ಧರ್ಮಪ್ರಾಂತ್ಯದ ಒಬ್ಬ ಭಕ್ತ